ಗಾಳಿಗೆ ಎರಡು ಬಾಗಿಲು

ನಮ್ಮ ಮನೆಯಲ್ಲಿ ಬಹಳ ವರ್ಷ ಒಂದು ಯುದ್ಧ ನಡೆಯಿತು. ಅತ್ತೆ ಸೊಸೆಯರ ಯುದ್ಧವಲ್ಲ, ಗಾಬರಿಯಾಗಬೇಡಿ. ನನ್ನ ಅತ್ತೆ ನಾನು ಆ ಮನೆಯ ಹೊಸ್ತಿಲು ತುಳಿಯುವ ಮೊದಲೇ ತೀರಿಕೊಂಡಿದ್ದರು. ಇದು ತಾಯಿ ಮಗಳ ಯುದ್ಧ, ಅದೂ ಕಿಟಕಿಗಾಗಿ. ಅಮ್ಮ ತೆರೆಯುವವಳು, ನಾನು ಮುಚ್ಚುವವಳು. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಮೊದಲು ಎಲ್ಲ ಕಿಟಕಿಗೂ ಚಿಲಕ ಹಾಕಿ ಹೋದರೆ, ಸಂಜೆ ಬರುವ ಹೊತ್ತಿಗೆ ಒಂದೊಂದೂ ಬಾಯಿ ತೆರೆದುಕೊಂಡು ನಿಂತಿರುತ್ತಿತ್ತು. ಟೀವಿಯ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಧೂಳು.

"ಯಾಕಮ್ಮಾ ತೆಗೆದೆ?"

"ನೀನು ಯಾಕೇ ಮುಚ್ಚಿದ್ದೆ? ಒಳಗೆ ಗಾಳಿ ಕೊಳೀತದೆ."

"ಗಾಳಿ ಕೊಳೆಯುತ್ತಾ? ಅದೇನು ಬಾಳೆಹಣ್ಣಾ?"

ನಾನು ಬಿ.ಎ., ಬಿ.ಎಡ್. ಮಾಡಿದವಳು, ಮೂವತ್ತು ವರ್ಷ ಕನ್ನಡ ಮತ್ತು ಸಮಾಜ ಪಾಠ ಹೇಳಿದವಳು. ಅಮ್ಮ ನಾಲ್ಕನೆಯ ತರಗತಿ. ನನ್ನ ಮಾತಿಗೆ ಮಗಳು ನಕ್ಕಳು, ನಮ್ಮವರು ಪೇಪರಿನ ಹಿಂದೆ ನಕ್ಕರು. ಅಮ್ಮ ನಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಗಿನ ಜಗುಲಿಯಲ್ಲಿ ಹೋಗಿ ಕೂತಳು. ಗಾಳಿ ಕೊಳೆಯುತ್ತದೆ ಎಂಬ ಆ ಮಾತಿನಷ್ಟು ಸರಿಯಾದ ಮಾತು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ ಎಂದು ಗೊತ್ತಾಗುವುದಕ್ಕೆ ನನಗೆ ಬಹಳ ಕಾಲ ಬೇಕಾಯಿತು. ಅದಕ್ಕೆ ತೆರಬೇಕಾಗಿದ್ದ ಬೆಲೆ ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ.

ಕುಂದಲಹಳ್ಳಿಯಲ್ಲಿ ನಾವು ಸೈಟು ಕೊಂಡದ್ದು 1996ರಲ್ಲಿ. ಮೂವತ್ತು ನಲವತ್ತರ ಸೈಟು. ಊರಿನ ನೆಂಟರು, "ಬೆಂಗಳೂರಲ್ಲಿ ಜಾಗ ಸಿಗಲಿಲ್ಲವಾ, ಕಾಡಿಗೆ ಹೋಗ್ತೀರಲ್ಲ" ಎಂದು ಮರುಕಪಟ್ಟರು. ಹೌದು, ಆಗ ಸುತ್ತ ರಾಗಿ ಹೊಲ, ನೀಲಗಿರಿ ತೋಪು. ಅತ್ತ ವೈಟ್‌ಫೀಲ್ಡ್ ಕಡೆ ಐ.ಟಿ.ಪಿ.ಎಲ್. ಕಟ್ಟಡಗಳು ಏಳುತ್ತಿದ್ದವು, ಇತ್ತ ಎಚ್.ಎ.ಎಲ್. ವಿಮಾನ ನಿಲ್ದಾಣದಿಂದ ಹೊರಟ ವಿಮಾನಗಳ ಸದ್ದು ಕೇಳುತ್ತಿತ್ತು. ನಡುವೆ ನಮ್ಮದೊಂದು ಮನೆ. 1999ರಲ್ಲಿ ಗೃಹಪ್ರವೇಶ ಮಾಡಿದಾಗ ಹೋಮದ ಹೊಗೆ ಐದು ನಿಮಿಷವೂ ಮನೆಯೊಳಗೆ ನಿಲ್ಲಲಿಲ್ಲ. ಪುರೋಹಿತರು ಊದಿ ಊದಿ ಬೆಂಕಿ ಮಾಡಬೇಕಾದ ಪ್ರಮೇಯವೇ ಬರಲಿಲ್ಲ, ಗಾಳಿಯೇ ಮಾಡಿತು. ಮೇಸ್ತ್ರಿ ಹಳೆಯ ಕಾಲದವರು. ಪೂರ್ವಕ್ಕೂ ಪಶ್ಚಿಮಕ್ಕೂ ಎದುರುಬದುರು ಕಿಟಕಿ ಇಟ್ಟಿದ್ದರು. "ಆಷಾಢದಲ್ಲಿ ಪಡುವಣ ಗಾಳಿ, ಮಾಗಿಯಲ್ಲಿ ಮೂಡಣ ಗಾಳಿ. ಎರಡೂ ಕಡೆ ತೆರೆದರೆ ವರ್ಷಪೂರ್ತಿ ನಿಮಗೆ ಫ್ಯಾನು ಬೇಡ ಮೇಡಂ" ಎಂದಿದ್ದರು. ನಿಜಕ್ಕೂ ಮೊದಲ ಆರೇಳು ವರ್ಷ ನಮಗೆ ಫ್ಯಾನು ಬೇಕಾದದ್ದು ಏಪ್ರಿಲ್ ತಿಂಗಳಿನಲ್ಲಿ ಮಾತ್ರ.

ಆಮೇಲೆ ಒಂದೊಂದೇ ಕಿಟಕಿ ಮುಚ್ಚತೊಡಗಿತು. ಯಾರೂ ಒಂದೇ ದಿನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚುವುದಿಲ್ಲ, ನೋಡಿ. ಪ್ರತಿಯೊಂದಕ್ಕೂ ಒಂದು ಒಳ್ಳೆಯ ಕಾರಣ ಇರುತ್ತದೆ. ಪಶ್ಚಿಮದ ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತಿನ ಪಿ.ಜಿ. ಎದ್ದಿತು. ನಮ್ಮ ಗೋಡೆಗೂ ಅವರ ಗೋಡೆಗೂ ನಡುವೆ ಒಬ್ಬರು ಅಡ್ಡಡ್ಡಲಾಗಿ ನಡೆಯುವಷ್ಟೇ ಸಂದು ಉಳಿಯಿತು. ಅಲ್ಲಿ ನೀರು ನಿಂತು ಸೊಳ್ಳೆ, ಅವರ ಅಡಿಗೆಮನೆಯ ಒಗ್ಗರಣೆಯ ಘಾಟು. ಆ ಕಡೆಯ ಮೂರು ಕಿಟಕಿ ಮುಚ್ಚಿದವು. ಪೂರ್ವದ ಕಡೆ ಹೊಸ ಹುಡುಗರು ಬಾಡಿಗೆಗೆ ಬಂದರು. ಮನೆಯಲ್ಲಿ ಬೆಳೆಯುವ ಮಗಳು. ಆ ಕಡೆಗೆ ದಪ್ಪ ಪರದೆ ಇಳಿಯಿತು. ಮುಂದೆ ಮೆಟ್ರೋ ಕೆಲಸ ಶುರುವಾಯಿತು. 2023ರ ಮಾರ್ಚಿನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ರೈಲು ಓಡಿ, ನಮ್ಮ ಕುಂದಲಹಳ್ಳಿಗೂ ಒಂದು ನಿಲ್ದಾಣ ಬಂತು ಎಂದು ಈಗ ನಾವೆಲ್ಲ ಹೆಮ್ಮೆಪಡುತ್ತೇವೆ. ಆದರೆ ಅದಕ್ಕೆ ಮುಂಚಿನ ವರ್ಷಗಳ ಧೂಳನ್ನು ನುಂಗಿದವರಿಗೇ ಗೊತ್ತು. ಒಗೆದ ಬಟ್ಟೆ ಒಣಗುವ ಮೊದಲೇ ಕೆಂಪಾಗುತ್ತಿತ್ತು. ಉಳಿದ ಕಿಟಕಿಗಳೂ ಮುಚ್ಚಿದವು. ಸೆಖೆ ಹೆಚ್ಚಿತು, ಮಲಗುವ ಕೋಣೆಗೆ ಎ.ಸಿ. ಬಂತು. ಎ.ಸಿ. ಬಂದ ಮೇಲೆ ಕಿಟಕಿ ತೆರೆಯುವ ಮಾತೇ ಇಲ್ಲವಲ್ಲ.

ಇಂಥ ಮನೆಗೆ 2012ರಲ್ಲಿ, ಅಪ್ಪ ಹೋದ ಮೇಲೆ, ಅಮ್ಮ ಬಂದಳು. ಅವಳ ಜೊತೆ ಅವಳ ಕೆಮ್ಮೂ ಬಂತು.

ಅಮ್ಮನ ಊರು ಮಾಲೂರಿನ ಕಡೆ. ಹೆಂಚಿಗೆ ಹೆಸರಾದ ತಾಲೂಕು. ನಮ್ಮದೂ ಹೆಂಚಿನ ಮನೆಯೇ. ನಡುಮನೆಯಲ್ಲಿ ಹಗಲೂ ರಾತ್ರಿ ತಂಪು. ಗೋಡೆಯ ಮೇಲೆ, ಸೂರಿಗೆ ತಾಗಿದಂತೆ ಸಾಲಾಗಿ ಬೆಳಕಿಂಡಿಗಳು. ಬಿಸಿ ಗಾಳಿ ಮೇಲೇರಿ ಆ ಕಿಂಡಿಗಳಿಂದ, ಹೆಂಚಿನ ಸಂದುಗಳಿಂದ ಹೊರಗೆ ಹೋಗುತ್ತಿತ್ತು. ಕೆಳಗಿನ ಕಿಟಕಿ ಬಾಗಿಲುಗಳಿಂದ ಹೊಸ ಗಾಳಿ ಬರುತ್ತಿತ್ತು. ಹಿರಿಯರು ಇದಕ್ಕೆ ಯಾವ ಹೆಸರನ್ನೂ ಕೊಟ್ಟಿರಲಿಲ್ಲ. ಮನೆ ಕಟ್ಟುವುದೆಂದರೆ ಹಾಗೆ, ಅಷ್ಟೆ.

ಆದರೆ ಆ ಹಳೆಯ ಮನೆಯನ್ನು ಬರಿದೇ ಹೊಗಳಿಬಿಟ್ಟರೆ ಅಮ್ಮನಿಗೆ ಅನ್ಯಾಯ ಮಾಡಿದಂತಾಗುತ್ತದೆ. ಗಂಡಸರು ಕೂರುವ ನಡುಮನೆಗೆ ಇದ್ದ ಕಿಂಡಿ, ಹೆಂಗಸರು ಬೇಯುವ ಅಡಿಗೆಮನೆಗೆ ಇರಲಿಲ್ಲ. ಹಿತ್ತಲಿಗೆ ಒಂದು ಕುಳ್ಳ ಬಾಗಿಲು, ಸೂರಿನಲ್ಲಿ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲುಕೋಲಿನಲ್ಲಿ ಹೊಗೆ ಸುರುಳಿ ಸುತ್ತುವುದನ್ನು ನೋಡುತ್ತಾ ನಾನು ಮಗ್ಗಿ ಬಾಯಿಪಾಠ ಮಾಡಿದ್ದೇನೆ. ಅಮ್ಮ ಮಳೆಗಾಲದ ಹಸಿ ಸೌದೆಯ ಮುಂದೆ ಊದುಕೊಳವೆ ಹಿಡಿದು ಕೂತಿರುತ್ತಿದ್ದಳು. ಕಣ್ಣು ಯಾವಾಗಲೂ ಕೆಂಪು. ಅಳುತ್ತಿದ್ದಾಳೋ ಹೊಗೆಯೋ ಎಂದು ತಿಳಿಯುತ್ತಿರಲಿಲ್ಲ. ಅದೂ ಒಂದು ಅನುಕೂಲವೇ ಆಗಿತ್ತೇನೋ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಎಂಬ ವಿಭಾಗ ಶುರುವಾಗಿತ್ತು, ಹಳ್ಳಿಗಳಿಗೆ ವಿಜ್ಞಾನ ಒಯ್ಯುವುದಕ್ಕೆ. ಎ.ಕೆ.ಎನ್. ರೆಡ್ಡಿಯವರು ಅದರ ಮುಂದಾಳು. ಅವರು ರೂಪಿಸಿದ ಅಸ್ತ್ರ ಒಲೆ ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯ ಮೂಲಕ ಸೂರಿನಾಚೆ ಹೋಗುತ್ತದೆ. ನಮ್ಮೂರಿನಲ್ಲೂ ಒಂದೆರಡು ಮನೆಗೆ ಬಂತು. ನಮ್ಮ ಮನೆಗೂ ಬರಬೇಕಾಗಿತ್ತು. ಅಜ್ಜಿ ಒಪ್ಪಲಿಲ್ಲ. "ನಾವೆಲ್ಲ ಹೊಗೇಲಿ ಬೆಂದು ಅಡಿಗೆ ಮಾಡಲಿಲ್ಲವಾ, ಸತ್ತು ಹೋದ್ವಾ?" ಎಂದಳು. ಅಮ್ಮ ಎದುರು ಮಾತಾಡಲಿಲ್ಲ. ಒಂದು ದಿನವೂ ಬೀಡಿ ಮುಟ್ಟದ ಅಮ್ಮನ ಎದೆಯ ಚಿತ್ರ ನೋಡಿ ಬೆಂಗಳೂರಿನ ವೈದ್ಯರು, "ನಿಮ್ಮ ತಾಯಿ ಸಿಗರೇಟು ಸೇದುತ್ತಿದ್ದರೇ?" ಎಂದು ಕೇಳಿದ್ದರು. ಉಸಿರಿನ ಬೆಲೆ ಏನೆಂದು ಆ ಮನೆಯಲ್ಲಿ ತಿಳಿದಿದ್ದವಳು ಅವಳೊಬ್ಬಳೇ. ಅದಕ್ಕೇ ಕಿಟಕಿ ತೆರೆಯುತ್ತಿದ್ದಳು. ನಾನು ಅದನ್ನು ಹಳ್ಳಿಯ ಹಟ ಅಂದುಕೊಂಡೆ.

ನನ್ನ ಜಾಣತನ ಶಾಲೆಯಲ್ಲೂ ಕಡಿಮೆ ಇರಲಿಲ್ಲ. ನಮ್ಮ ಶಾಲೆಯ ಹಳೆಯ ಕಟ್ಟಡದಲ್ಲಿ ಎತ್ತರದ ಗೋಡೆ, ಹಗ್ಗ ಎಳೆದರೆ ತಿರುಗುವ ವೆಂಟಿಲೇಟರು, ಎರಡು ಬಾಗಿಲಿನ ಮರದ ಕಿಟಕಿ. ಹೊಸ ಕಟ್ಟಡದಲ್ಲಿ ಅಲ್ಯೂಮಿನಿಯಂ ಚೌಕಟ್ಟಿನ ಸರಿಯುವ ಗಾಜು. ನೋಡುವುದಕ್ಕೆ ಬಲು ಚೆಂದ. ಆದರೆ ಒಂದು ಗಾಜು ಇನ್ನೊಂದರ ಹಿಂದೆ ಸರಿಯುವುದರಿಂದ ಅದು ಎಂದೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ ಎಂಬುದು ಕಟ್ಟಿಸಿದ ಮೇಲೆ ಹೊಳೆಯಿತು. ಆ ಅರ್ಧವನ್ನೂ ರಸ್ತೆಯ ಹಾರ್ನಿಗೆ ಹೆದರಿ ನಾನು ಮುಚ್ಚಿಸುತ್ತಿದ್ದೆ. ಮಧ್ಯಾಹ್ನ ಊಟದ ಮೇಲಿನ ಪೀರಿಯಡ್ಡಿನಲ್ಲಿ ಐವತ್ತು ಮಕ್ಕಳು ಸಾಲುಸಾಲಾಗಿ ಆಕಳಿಸುತ್ತಿದ್ದರು. ಅನ್ನ ಉಂಡ ನಿದ್ದೆ ಎಂದು ಬೈದೆ. ಒಮ್ಮೊಮ್ಮೆ ನನ್ನ ಪಾಠದ ದೋಷವೇ ಇರಬೇಕು ಎಂದು ರಾತ್ರಿ ಕೂತು ಹೊಸ ಟಿಪ್ಪಣಿ ಮಾಡಿಕೊಂಡೆ. ಟಿಪ್ಪಣಿ ಬದಲಾಯಿತು, ಆಕಳಿಕೆ ಬದಲಾಗಲಿಲ್ಲ. ಅಷ್ಟು ಮಕ್ಕಳು ಬಿಟ್ಟ ಉಸಿರನ್ನೇ ಅಷ್ಟು ಮಕ್ಕಳಿಗೆ ಮತ್ತೆ ಮತ್ತೆ ಉಣಿಸುತ್ತಿದ್ದೇನೆ ಎಂದು ನನಗೆ ತೋಚಲೇ ಇಲ್ಲ. ವಿಜ್ಞಾನದ ಮೇಡಂ ರಜೆ ಹಾಕಿದಾಗ ಆರನೆಯ ತರಗತಿಗೆ ನಾನೇ ಗಾಳಿಯ ಪಾಠ ಮಾಡಿದ್ದೂ ಉಂಟು! ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಇನ್ನು ಆ ದಿನದ ವಿಷಯ. ಹೇಳದೆ ಮುಗಿಸಿಬಿಡೋಣ ಎಂದು ಬಹಳ ಸಲ ಅನ್ನಿಸಿದೆ. ಆದರೆ ಇದನ್ನು ಓದುವ ಒಬ್ಬರ ಮನೆಯಲ್ಲಾದರೂ ಅಂಥದೇ ಬಚ್ಚಲು ಇರಬಹುದು.

ನಮ್ಮ ಬಚ್ಚಲು ಐದಡಿ ಅಗಲ, ಏಳಡಿ ಉದ್ದ. ಗೋಡೆಯ ಮೇಲೆ ಗ್ಯಾಸ್ ಗೀಸರು. ಕರೆಂಟಿನ ಬಿಲ್ಲು ಉಳಿಯುತ್ತದೆಂದು ಹಾಕಿಸಿದ್ದು. ಪಶ್ಚಿಮದ ಸಂದಿಗೆ ತೆರೆಯುವ ಒಂದು ಸಣ್ಣ ಕಿಟಕಿ, ಗಾಜಿನ ಪಟ್ಟಿಗಳನ್ನು ಓರೆಯಾಗಿ ಜೋಡಿಸಿದ್ದು. 2018ರ ಡಿಸೆಂಬರಿನ ಚಳಿಯಲ್ಲಿ ಆ ಸಂದುಗಳಿಂದ ಸೊಳ್ಳೆಯೂ ಶೀತಗಾಳಿಯೂ ಬರುತ್ತದೆ ಎಂದು ನಾನೇ ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತಲೂ ಅಂಟುಪಟ್ಟಿ ಹಚ್ಚಿ ಮುಚ್ಚಿದೆ. ನೀಟಾಗಿ ಮುಚ್ಚಿದೆ. ಮಕ್ಕಳ ನೋಟುಪುಸ್ತಕಕ್ಕೆ ಬೈಂಡು ಹಾಕಿದ ಕೈ ನನ್ನದು. ಅಮ್ಮ ನೋಡಿ, "ಬಚ್ಚಲಿಗೂನಾ?" ಎಂದಳು. ನಾನು ಉತ್ತರ ಕೊಡಲಿಲ್ಲ.

ಒಂದು ಭಾನುವಾರ. ಅವರೆಕಾಯಿಯ ಕಾಲ. ಅಮ್ಮ ಹಾಲಿನಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ಮಿಕ್ಸಿ ಹಾಕಿದ್ದೆ. ಮಗಳು, ಆಗ ಇಪ್ಪತ್ತು ವರ್ಷ, ತಲೆಗೆ ನೀರು ಹಾಕಿಕೊಳ್ಳಲು ಹೋಗಿದ್ದಳು. ಕೂದಲು ಉದ್ದ, ಅವಳ ಸ್ನಾನ ಎಂದರೆ ಯಾವಾಗಲೂ ಅರ್ಧ ಗಂಟೆ. ನಾನು ಮಿಕ್ಸಿ ನಿಲ್ಲಿಸಿದಾಗ ಅಮ್ಮ ಅಂದಳು:

"ಏನೇ, ನೀರು ಬೀಳೋ ಸದ್ದು ಬರ್ತಾ ಅದೆ. ಚೊಂಬಿನ ಸದ್ದು ನಿಂತು ಎಷ್ಟೋ ಹೊತ್ತಾಯ್ತು."

ಕೂಗಿದೆ. ಉತ್ತರವಿಲ್ಲ. ಬಾಗಿಲು ಬಡಿದೆ. ನಮ್ಮವರು ಓಡಿ ಬಂದು ಭುಜ ಕೊಟ್ಟರು, ಎರಡನೆಯ ಸಲಕ್ಕೆ ಅಗುಳಿ ಕಿತ್ತು ಬಂತು. ಮಗಳು ಗೋಡೆಗೆ ಒರಗಿದಂತೆ ಬಿದ್ದಿದ್ದಳು. ಬಕೆಟ್ಟು ತುಂಬಿ ಹರಿಯುತ್ತಿತ್ತು. ಗೀಸರಿನ ನೀಲಿ ಉರಿ ಏನೂ ಆಗಿಲ್ಲವೆಂಬಂತೆ ಉರಿಯುತ್ತಿತ್ತು. ಯಾವ ವಾಸನೆಯೂ ಇಲ್ಲ. ಅದು ನನಗೆ ಈಗಲೂ ಭಯ ಹುಟ್ಟಿಸುವ ಸಂಗತಿ. ಅವಳಿಗೆ ಬಟ್ಟೆ ಸುತ್ತಿ ಇಬ್ಬರೂ ಎಳೆದು ಹಾಲಿಗೆ ತಂದೆವು. ನಮ್ಮವರು ಸಿಲಿಂಡರ್ ಮುಚ್ಚಲು ಓಡಿದರು. ನಾನು ಮಗಳ ಕೆನ್ನೆ ತಟ್ಟುತ್ತಾ ಹೆಸರು ಹಿಡಿದು ಕಿರುಚುತ್ತಿದ್ದೆ. ಅಮ್ಮ ಕಿರುಚಲಿಲ್ಲ, ಅಳಲೂ ಇಲ್ಲ. ಹಾಲಿನ ಕಿಟಕಿ, ಮುಂಬಾಗಿಲು, ಹಿತ್ತಲ ಬಾಗಿಲು, ಒಂದೊಂದಾಗಿ, ಚಿಲಕಗಳನ್ನು ಸರಕ್ಕನೆ ಎಳೆದು ತೆರೆಯುತ್ತಾ ಹೋದಳು. ಮಗಳ ತಲೆಯನ್ನು ಬಾಗಿಲ ಗಾಳಿಗೆ ತಿರುಗಿಸಿದಳು. ಆಮೇಲೆ ನಿಂತಲ್ಲೇ ಏದುಸಿರು ಬಿಡುತ್ತಾ ಗೋಡೆ ಹಿಡಿದುಕೊಂಡಳು.

ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟರು, ರಕ್ತ ಪರೀಕ್ಷೆ ಮಾಡಿದರು. ಸಂಜೆಯ ಹೊತ್ತಿಗೆ ಮಗಳು ಕಣ್ಣು ಬಿಟ್ಟು, ತಲೆ ಸಿಡಿಯುತ್ತದೆ ಎಂದಳು. ಚಿಕ್ಕ ವಯಸ್ಸಿನ ವೈದ್ಯೆಯೊಬ್ಬರು ಕಾಗದ ಪೆನ್ನು ಹಿಡಿದು ನನ್ನ ಹತ್ತಿರ ಬಂದರು.

"ಬಚ್ಚಲಿಗೆ ಕಿಟಕಿ ಇದೆಯಾ ಅಮ್ಮ?"

"ಇದೆ" ಎಂದೆ.

ಅವರು ಬರೆದುಕೊಂಡರು. ಮುಂದಿನ ಮಾತು ನನ್ನ ಗಂಟಲಿನಿಂದ ಬರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯ ಹೇಳಿ ಎಂದು ಕಲಿಸಿದವಳು ನಾನು. ಅವರು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂದೆಯೇ ಓಡಿಹೋಗಿ, "ಡಾಕ್ಟರೇ, ಕಿಟಕಿ ಇದೆ, ನಾನು ಮುಚ್ಚಿದ್ದೆ" ಎಂದೆ. ಅವರು ನನ್ನ ಕೈ ಮೇಲೆ ಕೈಯಿಟ್ಟರು. ಏನೂ ಹೇಳಲಿಲ್ಲ.

ರಾತ್ರಿ ಬಟ್ಟೆ ತರಲು ಮನೆಗೆ ಬಂದಾಗ ಬಚ್ಚಲಿಗೆ ಹೋದೆ. ಕಿಟಕಿಯ ಪ್ಲಾಸ್ಟಿಕ್ ಇರಲಿಲ್ಲ. ಅಮ್ಮ ಅದನ್ನು ಬಿಡಿಸಿ, ನಾಲ್ಕಾಗಿ ಮಡಿಸಿ, ಕಸದ ಬುಟ್ಟಿಯ ತಳದಲ್ಲಿ ಇಟ್ಟಿದ್ದಳು. ಮೇಲೆ ಅವರೆ ಸಿಪ್ಪೆ ಸುರಿದಿದ್ದಳು. ನಾನು ಬೈಗುಳಕ್ಕೆ ಕಾದೆ. ಆ ರಾತ್ರಿಯೂ ಇಲ್ಲ, ಆಮೇಲೂ ಇಲ್ಲ. ಅವಳು ಬದುಕಿದ್ದಷ್ಟು ದಿನ ಆ ಮಾತು ಎತ್ತಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಏನು ನಡೆಯಿತೆಂದು ನನಗೆ ಬಿಡಿಸಿ ಹೇಳಿದವರು ನಮ್ಮ ವಿಜ್ಞಾನದ ಮೇಡಂ. ಉರಿ ಉರಿಯಬೇಕಾದರೆ ಆಮ್ಲಜನಕ ಬೇಕು. ಗಾಳಿಯಲ್ಲಿ ಅದು ಇರುವುದು ನೂರಕ್ಕೆ 21 ಪಾಲು. ಮುಚ್ಚಿದ ಪುಟ್ಟ ಬಚ್ಚಲಿನಲ್ಲಿ ಅದು ಕಡಿಮೆಯಾಗುತ್ತಾ ಬಂದಂತೆ ಗ್ಯಾಸು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಬಸ್ಸಿನ ಸೀಟಿನಲ್ಲಿ ಮೊದಲೇ ಟವೆಲು ಹಾಕಿ ಕೂತವರಂತೆ, ಆಮ್ಲಜನಕಕ್ಕೆ ಜಾಗವೇ ಇಲ್ಲ. ತಲೆ ಸುತ್ತಿತು ಎಂದು ತಿಳಿದು ಬಾಗಿಲ ಕಡೆ ತಿರುಗುವಷ್ಟರಲ್ಲಿ ಕಾಲಿನ ಶಕ್ತಿ ಹೋಗಿರುತ್ತದೆ. "ಗ್ಯಾಸ್ ಗೀಸರು ಬಚ್ಚಲಿನ ಒಳಗೆ ಇರಲೇಬಾರದು. ಹೊರಗೆ ಗಾಳಿಯಾಡುವ ಕಡೆ ಇರಬೇಕು, ಬಿಸಿನೀರಿನ ಕೊಳವೆ ಮಾತ್ರ ಒಳಗೆ ಬರಬೇಕು" ಎಂದರು. ನಮ್ಮ ಗೀಸರನ್ನು ಮಾರನೆಯ ವಾರವೇ ಕಿತ್ತೆವು. ತಾರಸಿಯ ಮೇಲೆ ಸೋಲಾರ್ ಬಂತು.

ಗೀಸರು ಹೋಯಿತು, ಸರಿ. ಆದರೆ ನನ್ನ ಪ್ರಶ್ನೆ ಉಳಿದೇ ಇತ್ತು. ಕಿಟಕಿ ತೆರೆಯಬೇಕು, ಒಪ್ಪಿದೆ. ತೆರೆದರೆ ಬರುವುದು ಸೊಳ್ಳೆ, ಘಾಟು, ಧೂಳು ಆದರೆ? ಇದಕ್ಕೆ ಉತ್ತರ ಸಿಕ್ಕಿದ್ದು ದೊಮ್ಮಲೂರಿನಲ್ಲಿ, ನಮ್ಮ ಮನೆಯಿಂದ ಹತ್ತು ಹನ್ನೆರಡು ಕಿಲೋಮೀಟರು. ಅಲ್ಲಿ ಟೆರಿ ಸಂಸ್ಥೆಯ ಕಚೇರಿ ಇದೆ. ಇಂಧನ ಉಳಿತಾಯದ ಬಗ್ಗೆ ಕೆಲಸ ಮಾಡುವ ಸಂಸ್ಥೆ. ವಿಜ್ಞಾನದ ಮೇಡಂ ಒಂಬತ್ತನೆಯ ತರಗತಿಯ ಮಕ್ಕಳನ್ನು ಆ ಕಟ್ಟಡ ತೋರಿಸಲು ಕರೆದೊಯ್ದಾಗ ಮಕ್ಕಳ ತಲೆ ಎಣಿಸುವ ಕೆಲಸಕ್ಕೆ ನಾನೂ ಜೊತೆಗೆ ಹೋದೆ.

ಆ ಕಟ್ಟಡದ ಕತೆ ಕೇಳಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರಿಗೆ ಸಿಕ್ಕಿದ ಜಾಗದ ದಕ್ಷಿಣಕ್ಕೆ ನಾರುವ ತೆರೆದ ಚರಂಡಿ. ಗಾಳಿ ಬೀಸುವುದೂ ಅದೇ ದಿಕ್ಕಿನಿಂದ. ಕಿಟಕಿ ಇಟ್ಟರೆ ಮೂಗು ಮುಚ್ಚಿಕೊಂಡು ಕೆಲಸ ಮಾಡಬೇಕು. ನನ್ನ ಪಶ್ಚಿಮದ ಸಂದಿಯ ಪಾಡೇ. ಅವರು ಆ ಕಡೆಯ ಗೋಡೆಯನ್ನು ಮುಚ್ಚಿಬಿಟ್ಟರು. ಆದರೆ ಬರಿದೇ ಮುಚ್ಚಲಿಲ್ಲ. ನಡುವೆ ಟೊಳ್ಳು ಬಿಟ್ಟು ಜೋಡಿ ಗೋಡೆ ಎಬ್ಬಿಸಿ, ಹೊರಮೈಗೆ ಕಪ್ಪು ಕಡಪಾ ಕಲ್ಲು ಹಾಕಿಸಿದರು. ನಮ್ಮ ಅಡಿಗೆಮನೆಯ ಕಟ್ಟೆಗೆ ಹಾಕುತ್ತೇವಲ್ಲ, ಅದೇ ಕಲ್ಲು. ಬಿಸಿಲಿಗೆ ಕಪ್ಪು ಕಲ್ಲು ಕಾಯುತ್ತದೆ, ಟೊಳ್ಳಿನೊಳಗಿನ ಗಾಳಿ ಬಿಸಿಯಾಗಿ ಮೇಲಕ್ಕೇರಿ ಹೊರಗೆ ಹೋಗುತ್ತದೆ. ಹೋದ ಗಾಳಿಯ ಜಾಗ ತುಂಬಲು ಒಳಗಿನ ಗಾಳಿ ಸರಿಯುತ್ತದೆ, ಆ ಜಾಗಕ್ಕೆ ಉತ್ತರದ ತೆರೆದ ಕಡೆಯಿಂದ ಹೊಸ ಗಾಳಿ ಬರುತ್ತದೆ. ಬೀಸಬೇಕಾದ ದಿಕ್ಕಿಗೆ ವಿರುದ್ಧವಾಗಿ ಗಾಳಿಯನ್ನು ಕರೆದು ತಂದಿದ್ದಾರೆ, ಅದೂ ಬಿಸಿಲಿನಿಂದಲೇ. ಮಾಲೂರಿನ ಬೆಳಕಿಂಡಿಯ ದೊಡ್ಡಣ್ಣ ಅದು ಎನ್ನಿಸಿತು.

ಮಕ್ಕಳು ಮುಂದೆ ಹೋದರು, ನಾನು ಆ ಗೋಡೆಯ ಎದುರು ನಿಂತೇ ಇದ್ದೆ. ಅವರೂ ನಾತಕ್ಕೆ ಹೆದರಿ ಮುಚ್ಚಿದರು, ನಾನೂ ಮುಚ್ಚಿದೆ. ಮುಚ್ಚಿದ್ದು ತಪ್ಪಲ್ಲ. ಅವರು ಒಂದು ದಾರಿ ಮುಚ್ಚುವಾಗ ಇನ್ನೊಂದು ದಾರಿ ಮಾಡಿಕೊಟ್ಟರು. ನಾನು ಮಾಡಿಕೊಡಲಿಲ್ಲ. ನನ್ನ ತಪ್ಪು ಇಷ್ಟೇ. ಇಷ್ಟು ದೊಡ್ಡದು.

ಮನೆಗೆ ಬಂದು ಮೇಸ್ತ್ರಿಯನ್ನು ಕರೆಸಿದೆ. ನಮ್ಮ ಬೆಂಗಳೂರಿನ ಮನೆಗಳಲ್ಲಿ ತಾರಸಿಗೆ ಹೋಗುವ ಮೆಟ್ಟಿಲಿನ ಮೇಲೊಂದು ಪುಟ್ಟ ಕೋಣೆ ಇರುತ್ತದೆ, ಹಳೆಯ ಪೇಪರು, ಒಡೆದ ಕುರ್ಚಿ ಇಡುವ ಜಾಗ. ಅದೇ ಮನೆಯ ಅತಿ ಎತ್ತರದ ಜಾಗವೂ ಹೌದು. ಮನೆಯ ಬಿಸಿಯೆಲ್ಲ ಮೆಟ್ಟಿಲ ದಾರಿಯಲ್ಲಿ ಏರಿ ಅಲ್ಲಿ ಸಿಕ್ಕಿಕೊಂಡು ಕೂತಿರುತ್ತದೆ. ಅಲ್ಲಿ ಮಳೆ ಎರಚದಂತೆ ಓರೆಪಟ್ಟಿಯ ಕಿಂಡಿ ಇಡಿಸಿದೆ. ಕೆಳಗಿನ ಕಿಟಕಿಗಳಿಗೆ ಸೊಳ್ಳೆಯ ಜಾಲರಿ ಹಾಕಿಸಿದೆ. ಬಚ್ಚಲಿಗೂ ಅಡಿಗೆಮನೆಗೂ ಎಕ್ಸಾಸ್ಟ್ ಫ್ಯಾನು ಬಂತು. ಅದಕ್ಕೂ ಒಂದು ಗುಟ್ಟಿದೆ: ಫ್ಯಾನು ಗಾಳಿಯನ್ನು ಹೊರಗೆ ತಳ್ಳಬೇಕಾದರೆ ಎಲ್ಲಿಂದಲಾದರೂ ಒಳಗೆ ಬರಬೇಕು. ಬಾಗಿಲ ಕೆಳಗೆ ಎರಡು ಬೆರಳಷ್ಟು ಸಂದಾದರೂ ಬಿಡಬೇಕು. ಎಲ್ಲ ಬಿಗಿದು ಫ್ಯಾನು ತಿರುಗಿಸಿದರೆ ಸದ್ದು ಮಾತ್ರ. ಆ ಬೇಸಿಗೆಯಲ್ಲಿ ಮಲಗುವ ಕೋಣೆಯ ಎ.ಸಿ. ಹಾಕಿದ ರಾತ್ರಿಗಳು ಬೆರಳೆಣಿಕೆಯವು.

ಎ.ಸಿ.ಯ ಬಗ್ಗೆ ಒಂದು ಮಾತು. ಅದು ಹೊರಗಿನ ಹೊಸ ಗಾಳಿ ತಂದು ತಂಪು ಮಾಡುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಮನೆಗಳಲ್ಲಿ ಹಾಕಿಸುವ ಎ.ಸಿ. ಹಾಗೆ ಮಾಡುವುದಿಲ್ಲ. ಕೋಣೆಯಲ್ಲಿದ್ದ ಗಾಳಿಯನ್ನೇ ಎಳೆದು ತಣ್ಣಗೆ ಮಾಡಿ ಅಲ್ಲಿಗೇ ಬಿಡುತ್ತದೆ. ಹೊರಗಿನ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈ ಆಕ್ಸೈಡು ಸುಮಾರು 420 ಪಾಲು. ಮುಚ್ಚಿದ ಕೋಣೆಯಲ್ಲಿ ಜನ ಕೂತರೆ ಅದು ಸಾವಿರ ದಾಟಲು ಬಹಳ ಹೊತ್ತು ಬೇಡ. ಆಗ ಬರುವುದೇ ಆಕಳಿಕೆ, ತಲೆಭಾರ. ಖರ್ಚನ್ನು ನೋಡಿ: ಒಂದೂವರೆ ಟನ್ನಿನ ಎ.ಸಿ. ಪೂರ್ತಿ ಓಡುವಾಗ ಸುಮಾರು 1500 ವ್ಯಾಟ್, ಹಳೆಯ ಸೀಲಿಂಗ್ ಫ್ಯಾನು 75, ಈಗ ಬಂದಿರುವ ಹೊಸ ಬಗೆಯ ಫ್ಯಾನು 30ರ ಆಸುಪಾಸು. ಎ.ಸಿ. ಬೇಡವೆನ್ನುತ್ತಿಲ್ಲ. ಹಾಕುವುದಾದರೆ 24 ಡಿಗ್ರಿಗೆ ಇಟ್ಟು ಜೊತೆಗೆ ಫ್ಯಾನು ತಿರುಗಿಸಿದರೆ ಸಾಕು. 2020ರಿಂದ ಹೊಸ ಎ.ಸಿ.ಗಳು 24ರಲ್ಲೇ ಶುರುವಾಗಬೇಕೆಂದು ಸರ್ಕಾರವೇ ನಿಯಮ ಮಾಡಿದೆ. ಮಲಗುವ ಮೊದಲೂ ಎದ್ದ ಮೇಲೂ ಹತ್ತು ನಿಮಿಷ ಕಿಟಕಿ ತೆರೆದರಾಯಿತು. ತೆರೆಯುವುದಕ್ಕೂ ಹೊತ್ತು ಗೊತ್ತು ಉಂಟು. ರಸ್ತೆಯಲ್ಲಿ ಗಾಡಿ ಕಿಕ್ಕಿರಿದಾಗ, ಮೂಲೆಯಲ್ಲಿ ಯಾರೋ ಕಸ ಸುಡುವಾಗ, ಮುಸ್ಸಂಜೆಯ ಸೊಳ್ಳೆಯ ವೇಳೆಯಲ್ಲಿ ಮುಚ್ಚಿಕೊಳ್ಳಬೇಕು. ಗಾಳಿ ಬಂದಾಗ ತೂರಿಕೋ ಎಂದ ಹಿರಿಯರು ಹೊತ್ತು ನೋಡಿಯೇ ತೂರಿದವರು.

ಕೊರೋನಾ ಬಂದಾಗ, 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ, ಮನೆಯೊಳಗೆ ಗಾಳಿಯಾಡಲಿ, ಕಿಟಕಿ ಬಾಗಿಲು ತೆರೆದಿಡಿ ಎಂದು ದೇಶಕ್ಕೆಲ್ಲ ಸಲಹೆ ಕೊಟ್ಟಿತು. ಟೀವಿಯಲ್ಲಿ ಅದನ್ನು ಓದಿದಾಗ ಅಮ್ಮ ನನ್ನ ಕಡೆ ಒಂದು ಸಲ ನೋಡಿ, ಮತ್ತೆ ಟೀವಿ ನೋಡಿದಳು. ತುಟಿಯ ಮೂಲೆಯಲ್ಲಿ ನಗುವಿತ್ತು. 2022ರಲ್ಲಿ ಅವಳು ಹೋದಳು, ನಮ್ಮ ಮನೆಯ ಪೂರ್ವದ ಕಿಟಕಿಯ ಪಕ್ಕದ ಮಂಚದಲ್ಲಿ.

ಮಗಳಿಗೆ ಈಗ ಮದುವೆಯಾಗಿದೆ. ಗಾಜಿನ ದೊಡ್ಡ ಆಫೀಸಿನಲ್ಲಿ ಕೆಲಸ. "ನಮ್ಮಲ್ಲಿ ಕಿಟಕಿ ತೆರೆಯೋಕೇ ಬರಲ್ಲ ಅಮ್ಮ" ಎಂದಾಗ ನನಗೆ ಎದೆ ಧಸಕ್ಕೆಂದಿತು. ಅಲ್ಲಿ ಯಂತ್ರವೇ ಹೊರಗಿನ ಗಾಳಿಯನ್ನು ಸೋಸಿ ತರುತ್ತದಂತೆ. ಹೊರಹೋಗುವ ತಣ್ಣನೆಯ ಗಾಳಿಯ ತಂಪನ್ನು ಒಳಬರುವ ಬಿಸಿ ಗಾಳಿಗೆ ದಾಟಿಸುವ ವ್ಯವಸ್ಥೆಯೂ ಇದೆಯಂತೆ, ಇಲ್ಲದಿದ್ದರೆ ಅಷ್ಟು ತಂಪು ಮಾಡಿದ ವಿದ್ಯುತ್ತು ದಂಡ. ನನಗೆ ಅರ್ಥವಾಗಲೆಂದು, "ಬಿಸಿನೀರಿನಲ್ಲಿ ಹಾಲಿನ ಚೊಂಬು ಇಟ್ಟು ಬೆಚ್ಚಗೆ ಮಾಡ್ತೀಯಲ್ಲ, ಹಾಲು ನೀರು ಬೆರೆಯಲ್ಲ, ಬಿಸಿ ಮಾತ್ರ ದಾಟುತ್ತೆ, ಹಾಗೇ" ಎಂದಳು. ಪಾಠ ಹೇಳುವುದು ನಮ್ಮ ಮನೆಯ ರಕ್ತದಲ್ಲೇ ಇದೆ.

ಮೊನ್ನೆ ಅವರು ಫ್ಲ್ಯಾಟು ಕೊಳ್ಳಬೇಕೆಂದು ನೋಡಲು ಹೊರಟರು. ನಾನೂ ಹೋದೆ. ತೋರಿಸುವ ಹುಡುಗ ಅಡಿಗೆಮನೆಯ ಕಪಾಟು, ಬಚ್ಚಲಿನ ಹೊಳೆಯುವ ನಲ್ಲಿ ಎಲ್ಲ ತೋರಿಸಿದ. ನಾನು ಚೀಲದಿಂದ ಊದುಬತ್ತಿಯ ಪೊಟ್ಟಣ ತೆಗೆದು ಒಂದನ್ನು ಹಚ್ಚಿದೆ. ಆ ಹುಡುಗ ಭಕ್ತಿಯಿಂದ ಚಪ್ಪಲಿ ಬಿಟ್ಟು, "ಪೂರ್ವ ಈ ಕಡೆ ಆಂಟಿ" ಎಂದು ಕೈ ತೋರಿಸಿದ. ಪೂಜೆಗಲ್ಲಪ್ಪ, ಎಂದು ನಾನು ಊದುಬತ್ತಿ ಹಿಡಿದು ಕೋಣೆ ಕೋಣೆಗೂ ಹೋದೆ. ಹೊಗೆ ಬಾಗಿದ ಕಡೆ ಗಾಳಿಗೆ ದಾರಿ ಇದೆ. ನೆಟ್ಟಗೆ ನಿಂತು ಸುಮ್ಮನೆ ಸೂರಿಗೆ ಏರಿದ ಕಡೆ ಇಲ್ಲ. ಹಾಲಿನಲ್ಲಿ ಹೊಗೆ ಚೆನ್ನಾಗಿ ಬಾಗಿತು. ಮಲಗುವ ಕೋಣೆಯಲ್ಲಿ ಪರವಾಗಿಲ್ಲ. ಕೊನೆಗೆ ಬಚ್ಚಲಿನ ಬಾಗಿಲಲ್ಲಿ ನಿಂತು ಕೈ ಒಳಗೆ ಚಾಚಿದೆ. ಮಗಳು ಬಂದು ನನ್ನ ಪಕ್ಕ ನಿಂತಳು. ಇಬ್ಬರೂ ಮಾತಾಡಲಿಲ್ಲ. ಹೊಗೆ ಒಂದು ಕ್ಷಣ ನೆಟ್ಟಗೆ ನಿಂತು, ಆಮೇಲೆ ನಿಧಾನವಾಗಿ ಕಿಟಕಿಯ ಕಡೆಗೆ ಹೊರಳಿತು.

"ತಗೊಳ್ಳಬಹುದು" ಎಂದೆ.